ಪಾಯ ತೋಡುವ ಮುನ್ನವೇ ಕರಾರು

ಗುತ್ತಿಗೆದಾರರು ನಿಮ್ಮ ಮಾವನವರ ಸ್ನೇಹಿತರು, ಕರಾರು ಪತ್ರ ಕೇಳಿದರೆ ಬೇಸರಿಸಿಕೊಂಡಾರು ಎಂದು ಬರೆದಿದ್ದೀರಿ. ಸಂಕೋಚ ಬಿಟ್ಟು ಕೇಳಿ. 1872ರ ಭಾರತೀಯ ಕರಾರು ಕಾಯ್ದೆಯಡಿ ಬಾಯಿಮಾತಿನ ಒಪ್ಪಂದಕ್ಕೂ ಮಾನ್ಯತೆ ಇದೆ, ನಿಜ. ಆದರೆ ತಕರಾರು ಎದ್ದಾಗ ಯಾರು ಏನು ಒಪ್ಪಿದ್ದರು ಎಂದು ಸಾಬೀತುಪಡಿಸುವುದು ಬಲು ಕಷ್ಟ. ಬರಹ ಅವರನ್ನೂ ಕಾಪಾಡುತ್ತದೆ, ನಿಮ್ಮ ಮನೆಯ ಸಂಬಂಧವನ್ನೂ.

ಸೈಟು ಇಳಿಜಾರಿನಲ್ಲಿದೆ ಎಂದಿದ್ದೀರಿ. ಹಾಗಾಗಿ ನನಗೆ ಹೆಚ್ಚು ಚಿಂತೆ ನೆಲದೊಳಗಿನ ಕೆಲಸದ್ದೇ. ‘ಸಮತಟ್ಟು ಮಾಡಿ ಪಾಯ, ಕಾಂಪೌಂಡ್ ಕಟ್ಟಿಕೊಡುವುದು, ಒಟ್ಟು ಇಷ್ಟು’ ಎಂಬ ಒಂದು ಸಾಲು ಸಾಲದು. ಎಷ್ಟು ಆಳ ಅಗೆಯಬೇಕು, ಮಣ್ಣು ಸಾಗಿಸುವ ಖರ್ಚು ಯಾರದು, ತುಂಬುವ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡುವುದು ಸೇರಿದೆಯೇ, ಎಲ್ಲವೂ ಬರಹದಲ್ಲಿರಲಿ. ಬಂಡೆ ಸಿಕ್ಕರೆ ಘನ ಮೀಟರಿಗೆ ಎಷ್ಟು ದರ, ಅಳತೆ ಯಾರ ಎದುರು ಆಗಬೇಕು? ಇದನ್ನು ಜೆಸಿಬಿ ಬರುವ ಮೊದಲೇ ಗೊತ್ತುಮಾಡಿ. ಮನಸ್ತಾಪ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಹೆಚ್ಚುವರಿ ಕೆಲಸವಿದ್ದರೆ, ಅದು ಶುರುವಾಗುವ ಮುನ್ನ ವಾಟ್ಸ್ಆ್ಯಪ್‌ನಲ್ಲಾದರೂ ದರ ಬರೆದು ಒಪ್ಪಿಕೊಂಡಿರಬೇಕು.

ಅವರು ಕೇಳಿರುವಂತೆ ಅರ್ಧ ಹಣವನ್ನು ಮುಂಗಡವಾಗಿ ಕೊಡಬೇಡಿ. ಸಾಮಗ್ರಿ ತರಿಸುವಷ್ಟು ಕೊಟ್ಟು, ಉಳಿದದ್ದನ್ನು ಮುಗಿದ ಹಂತಕ್ಕೆ ತಕ್ಕಂತೆ ಬ್ಯಾಂಕ್ ಮೂಲಕ ಪಾವತಿಸಿ. ಸಣ್ಣದೊಂದು ಕಂತನ್ನು ಮೊದಲ ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಷರತ್ತೂ ಇರಲಿ. ತುಂಬಿದ ಮಣ್ಣು ಕುಸಿದರೆ ಆಗಲೇ ತಿಳಿಯುವುದು. ನಕ್ಷೆಯನ್ನು ಲಗತ್ತಿಸಿ, ಇ-ಸ್ಟಾಂಪ್ ಕಾಗದದಲ್ಲಿ ಬರೆಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ.