ಅಂಗಡಿಯ ಸರ್ವರ್‌ಗೆ ವಿಂಡೋಸೋ, ಲಿನಕ್ಸೋ?

ಪ್ರಶ್ನೆ: ಕಬಿನಿ ದಡದ ಪೆರಿಕಲ್ಲೂರಿನಲ್ಲಿ ನಮ್ಮದು ಕಾಳುಮೆಣಸು, ಕಾಫಿ, ಶುಂಠಿ ಕೊಳ್ಳುವ ಮಂಡಿ, ಜೊತೆಗೊಂದು ಗೊಬ್ಬರದ ಅಂಗಡಿ. ಆರು ಕಂಪ್ಯೂಟರ್‌ಗಳಿವೆ, ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಹೊಳೆಯಾಚೆ ಬೈರಕುಪ್ಪೆಯಲ್ಲೂ ಖರೀದಿ ಶುರುಮಾಡುವ ಯೋಚನೆ ಇದೆ. ಎಲ್ಲ ಲೆಕ್ಕವೂ ಒಂದೇ ಕಡೆ ಇರಲೆಂದು ಸರ್ವರ್ ವಿಚಾರಿಸಿದರೆ, ಬತ್ತೇರಿಯ ಡೀಲರ್ ‘ವಿಂಡೋಸ್ ಸರ್ವರ್ ಹಾಕಿಸಿ, ಲೈಸೆನ್ಸ್ ಸಮೇತ ಕೊಡುತ್ತೇನೆ’ ಅನ್ನುತ್ತಾರೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ‘ಸುಮ್ಮನೆ ಯಾಕೆ ದುಡ್ಡು? ಲಿನಕ್ಸ್ ಹಾಕೋಣ’ ಅನ್ನುತ್ತಾನೆ. ಯಾರ ಮಾತು ಕೇಳಲಿ?
- ಓದುಗರೊಬ್ಬರು, ಪೆರಿಕಲ್ಲೂರು, ವಯನಾಡು

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಬೆಲೆಯಿಂದಲೇ ಮಾತು ಶುರುಮಾಡಿದ್ದಾರೆ. ಸರ್ವರ್‌ನ ವಿಚಾರದಲ್ಲಿ ಬೆಲೆಯದು ಮೂರನೆಯ ಸ್ಥಾನ. ಅದರ ಮೇಲೆ ಯಾವ ತಂತ್ರಾಂಶ ಓಡಬೇಕು ಎಂಬುದು ಮೊದಲ ಪ್ರಶ್ನೆ. ಕೆಟ್ಟು ನಿಂತರೆ ಯಾರು ಬರುತ್ತಾರೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕರೆ ಮೂರನೆಯದರ ಬಗ್ಗೆ ಜಗಳವೇ ಉಳಿಯುವುದಿಲ್ಲ.

ಮೊದಲನೆಯದನ್ನೇ ನೋಡೋಣ. ನೀವು ಬಳ್ಳಿಗೆ ಮರ ಹುಡುಕುತ್ತೀರಿ, ಮರಕ್ಕೆ ಬಳ್ಳಿಯನ್ನಲ್ಲ. ವಿಂಡೋಸ್, ಲಿನಕ್ಸ್‌ನಂಥ ಓಎಸ್ ಎಂಬುದೂ ಹಾಲುವಾಣದ ಮರದ ಹಾಗೆ, ನಿಮಗೆ ಬೇಕಾದದ್ದು ಅದರ ಮೇಲೆ ಹಬ್ಬುವ ಮೆಣಸು. ಈಗ ನಿಮ್ಮ ಬಳ್ಳಿ ಟ್ಯಾಲಿ. ಬೆಂಗಳೂರಿನಲ್ಲೇ ತಯಾರಾಗುವ ಈ ತಂತ್ರಾಂಶ ವಿಂಡೋಸ್‌ಗಾಗಿಯೇ ಮಾಡಿದ್ದು. ಲಿನಕ್ಸ್ ಮೇಲೆ ಅದನ್ನು ಓಡಿಸುವ ಅಡ್ಡದಾರಿಗಳಿವೆ ನಿಜ. ಆದರೆ ವ್ಯಾಪಾರದ ಲೆಕ್ಕವನ್ನು ಅಡ್ಡದಾರಿಯಲ್ಲಿ ಇಡಬಾರದು. ಮಾರ್ಚ್ ಕೊನೆಯ ವಾರ ಏನಾದರೂ ಎಡವಟ್ಟಾದರೆ ಟ್ಯಾಲಿಯವರು ‘ಅದು ನಮ್ಮದಲ್ಲ’ ಅನ್ನುತ್ತಾರೆ, ಲಿನಕ್ಸ್ ಬಲ್ಲವರು ‘ಟ್ಯಾಲಿ ನಮಗೆ ಗೊತ್ತಿಲ್ಲ’ ಅನ್ನುತ್ತಾರೆ.

ಹಾಗಾದರೆ ಡೀಲರ್ ಹೇಳಿದ್ದೇ ಸರಿಯೆ? ಅಲ್ಲೂ ಸ್ವಲ್ಪ ತಡೆಯಿರಿ. ಆರು ಕಂಪ್ಯೂಟರ್‌ಗಳ ಮಂಡಿಗೆ ಸರ್ವರ್ ಓಎಸ್ಸೇ ಬೇಕೆಂದಿಲ್ಲ. ವಿಂಡೋಸ್ 11 ಪ್ರೊ ಇರುವ ಒಳ್ಳೆಯ ಕಂಪ್ಯೂಟರೊಂದನ್ನು ಮೂಲೆಯಲ್ಲಿಟ್ಟು ಅದರ ಫೋಲ್ಡರ್ ಹಂಚಿಕೊಂಡರೆ, ಏಕಕಾಲಕ್ಕೆ 20 ಯಂತ್ರಗಳವರೆಗೆ ಅದನ್ನು ಬಳಸಲು ಅದರ ಲೈಸೆನ್ಸೇ ಒಪ್ಪಿಗೆ ಕೊಡುತ್ತದೆ. ಟ್ಯಾಲಿಯ ಗೋಲ್ಡ್ ಲೈಸೆನ್ಸ್ ಇದ್ದರೆ ಅಂಗಡಿಯೊಳಗಿನ ಎಲ್ಲರೂ ಒಟ್ಟಿಗೆ ಕೆಲಸ ಮಾಡಬಹುದು. ಬೈರಕುಪ್ಪೆ ಕರ್ನಾಟಕ, ಅಲ್ಲಿಂದ ಮಾರಾಟ ನಡೆಸುವುದಾದರೆ ಜಿಎಸ್‌ಟಿಯಲ್ಲಿ ಬೇರೆಯದೇ ನೋಂದಣಿ ಬೇಕು, ಅಂದರೆ ಪುಸ್ತಕವೂ ಹೆಚ್ಚುಕಡಿಮೆ ಬೇರೆಯೇ. ಎರಡೂ ಕಡೆಯ ಲೆಕ್ಕ ಕ್ಷಣಕ್ಷಣಕ್ಕೂ ಒಂದಾಗಿರಬೇಕಿಲ್ಲ. ಸಂಜೆಗೊಮ್ಮೆ ಟ್ಯಾಲಿಯ ಸಿಂಕ್ ಸೌಲಭ್ಯದಿಂದ ಹೊಂದಿಸಿಕೊಂಡರೆ ಸಾಕು. ಹೊಳೆಯಾಚೆಯಿಂದ ಮೂರ್ನಾಲ್ಕು ಜನ ಇಡೀ ದಿನ ಪೆರಿಕಲ್ಲೂರಿನ ಯಂತ್ರದೊಳಕ್ಕೇ ಬಂದು ಕೆಲಸ ಮಾಡಬೇಕೆಂದರೆ ಮಾತ್ರ ವಿಂಡೋಸ್ ಸರ್ವರ್ ಬೇಕಾಗುತ್ತದೆ. ಪ್ರೊ ಆವೃತ್ತಿ ಒಂದು ಸಲಕ್ಕೆ ಒಬ್ಬರಿಗಷ್ಟೇ ಹಾಗೆ ಒಳಗೆ ಬಿಡುತ್ತದೆ.

ಸರ್ವರ್ ಆವೃತ್ತಿಯನ್ನೇ ಕೊಳ್ಳುವುದಾದರೆ ಡೀಲರ್ ಹೇಳುವ ‘ಲೈಸೆನ್ಸ್ ಸಮೇತ’ ಎಂಬುದನ್ನು ಬಿಡಿಸಿ ಬರೆಸಿಕೊಳ್ಳಿ. ವಿಂಡೋಸ್ ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿಯ ಲೈಸೆನ್ಸ್ ಪ್ರೊಸೆಸರ್‌ನ ಕೋರ್‌ಗಳ ಲೆಕ್ಕದ್ದು. ಕನಿಷ್ಠ 16 ಕೋರ್‌ಗೆ ಕೊಳ್ಳಲೇಬೇಕು. 2022ರ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಪಟ್ಟಿ ಬೆಲೆ 1,069 ಡಾಲರ್ ಇತ್ತು. ಅದರ ಮೇಲೆ ಸರ್ವರ್ ಬಳಸುವ ಒಬ್ಬೊಬ್ಬರಿಗೂ ಅಥವಾ ಒಂದೊಂದು ಯಂತ್ರಕ್ಕೂ ಸಿಎಎಲ್ ಎಂಬ ಪ್ರತ್ಯೇಕ ಅನುಮತಿ. ದೂರದಿಂದ ಒಳಬಂದು ಕೆಲಸ ಮಾಡುವವರಿಗೆ ಇನ್ನೊಂದು ಬಗೆಯ ಸಿಎಎಲ್. ಚಿಕ್ಕ ವ್ಯಾಪಾರಿಗಳಿಗೆಂದೇ ಯಂತ್ರದ ಜೊತೆಗೇ ಬರುವ ಎಸೆನ್ಷಿಯಲ್ಸ್ ಆವೃತ್ತಿಯೂ ಇದೆ: 25 ಬಳಕೆದಾರರು, 50 ಯಂತ್ರಗಳ ಮಿತಿ, ಮೊದಲ ಬಗೆಯ ಸಿಎಎಲ್‌ನ ಗೊಡವೆ ಇಲ್ಲ. ಡೀಲರ್ ತಾವಾಗಿ ಇದನ್ನು ಹೇಳದಿದ್ದರೆ ನೀವೇ ಕೇಳಿ.

ಹಳೆಯ ದಾಸ್ತಾನಿನ ಆವೃತ್ತಿಯನ್ನು ಅಗ್ಗಕ್ಕೆ ಕೊಡುತ್ತೇನೆಂದರೂ ಎಚ್ಚರ. ವಿಂಡೋಸ್ ಸರ್ವರ್ 2012 ಆರ್2ಗೆ ಭದ್ರತಾ ಅಪ್‌ಡೇಟ್‌ಗಳು 2023ರ ಅಕ್ಟೋಬರ್ 10ಕ್ಕೆ ನಿಂತವು; 2016ರದ್ದಕ್ಕೆ 2027ರ ಜನವರಿ 12 ಕಡೆಯ ದಿನ; 2022ರದ್ದಕ್ಕೆ 2031ರ ಅಕ್ಟೋಬರ್‌ವರೆಗೆ ಆಯಸ್ಸಿದೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾದಿಡಬೇಕು. ಇಷ್ಟರಲ್ಲೇ ಮುದಿಯಾಗುವ ಯಂತ್ರದಲ್ಲಿ ಆರು ವರ್ಷದ ಲೆಕ್ಕ ತುಂಬುವುದು ಯಾವ ಉಳಿತಾಯ?

ಇನ್ನು ಅಣ್ಣನ ಮಗನ ಪಕ್ಷ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಿಗೆ ಲೈಸೆನ್ಸ್ ದುಡ್ಡಿಲ್ಲ, ಬಳಕೆದಾರರ ತಲೆ ಎಣಿಕೆಯಿಲ್ಲ. ಉಬುಂಟುವಿನ ಎಲ್‌ಟಿಎಸ್ ಎಂಬ ದೀರ್ಘಕಾಲದ ಆವೃತ್ತಿಗೆ 5 ವರ್ಷ ಅಪ್‌ಡೇಟ್. ಉಬುಂಟು ಪ್ರೊ ನೋಂದಣಿ ಮಾಡಿಸಿದರೆ 10 ವರ್ಷ, ಅದೂ 5 ಯಂತ್ರಗಳವರೆಗೆ ಉಚಿತ. ಹಾಗೆಂದು ಪುಕ್ಕಟೆ ಸಿಗುವುದೆಲ್ಲ ಎಂದೆಂದಿಗೂ ಹಾಗೇ ಇರುತ್ತದೆಂದು ನಂಬಬೇಡಿ. ರೆಡ್ ಹ್ಯಾಟ್ ಕಂಪನಿಯ ದುಡ್ಡಿನ ಲಿನಕ್ಸ್‌ಗೆ ಉಚಿತ ಪ್ರತಿರೂಪವಾಗಿದ್ದ ಸೆಂಟ್ಓಎಸ್ ಮೇಲೆ ಲೋಕದ ಎಷ್ಟೋ ಸಂಸ್ಥೆಗಳು ಕೂತಿದ್ದವು. ಅದರ 8ನೇ ಆವೃತ್ತಿ 2029ರವರೆಗೆ ನಡೆಯುತ್ತದೆಂದು ನೆಚ್ಚಿದ್ದವರಿಗೆ 2020ರ ಡಿಸೆಂಬರ್‌ನಲ್ಲಿ ಸುದ್ದಿ ಬಂತು: 2021ರ ಕೊನೆಗೇ ಮುಕ್ತಾಯ. ಆದರೆ ಮೂಲಸಂಕೇತ ಮುಕ್ತವಾಗಿದ್ದುದರಿಂದ 2021ರಲ್ಲೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಬದಲಿಗಳು ಹುಟ್ಟಿಕೊಂಡವು, ಜನ ಅಲ್ಲಿಗೆ ದಾಟಿಕೊಂಡರು. ಕಂಪನಿಯೊಂದು ಮನಸ್ಸು ಬದಲಿಸಿದಾಗಲೂ ಹೀಗೆ ದಾಟಲು ದಾರಿಯಿರುವುದು ಮುಕ್ತ ತಂತ್ರಾಂಶದ ನಿಜವಾದ ಲಾಭ. ಲೈಸೆನ್ಸ್ ಉಳಿತಾಯ ಅದರ ಮುಂದೆ ಚಿಕ್ಕದು.

ಕೆಟ್ಟರೆ ಯಾರು ಬರುತ್ತಾರೆಂಬ ಎರಡನೆಯ ಪ್ರಶ್ನೆಗೆ ನಿಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಓಡುವುದು ಲಿನಕ್ಸ್ ಮೇಲೆ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಈಗ ಅದನ್ನು ನಡೆಸುವ ಕೈಟ್ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಒಗ್ಗಿಸಿ ತನ್ನದೇ ಆವೃತ್ತಿಯನ್ನು ಕೊಡುತ್ತದೆ. 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹೊಸ ಆವೃತ್ತಿ ಹಾಕುವಾಗ 3,000 ಕೋಟಿ ರೂಪಾಯಿ ಉಳಿಯಿತೆಂದು ಅದು ಹೇಳಿಕೊಂಡಿತು. ಈ ಅಂಕಿ ನೋಡಿ ನಿಮ್ಮ ಅಣ್ಣನ ಮಗ ಹಿಗ್ಗಬಹುದು. ಆದರೆ ಶಿಕ್ಷಕರಿಗೆ ತರಬೇತಿ, ಮಲಯಾಳದಲ್ಲಿ ಪಠ್ಯ, ಜಿಲ್ಲೆ ಜಿಲ್ಲೆಯಲ್ಲಿ ನೋಡಿಕೊಳ್ಳುವ ಜನ, ಇವೆಲ್ಲವನ್ನೂ ಸರ್ಕಾರ ಕಟ್ಟಿತು. ಅದಕ್ಕೇ ಯೋಜನೆ ನೆಲೆನಿಂತಿತು. ಲೈಸೆನ್ಸ್‌ನಲ್ಲಿ ಉಳಿದ ದುಡ್ಡಿನ ಒಂದು ಪಾಲು ಮನುಷ್ಯರ ಮೇಲೆ ಖರ್ಚಾಯಿತು ಅನ್ನಿ. ನಿಮ್ಮೂರಿನ ಹುಡುಗರಿಗೂ ಉಬುಂಟುವಿನ ಪರದೆ ಹೊಸದಲ್ಲ. ಆದರೂ ಶಾಲೆಯಲ್ಲಿ ಅದರ ಮೇಲೆ ಪಾಠ ಕಲಿತವರೆಲ್ಲ ನಿಂತುಹೋದ ಸರ್ವರ್ ಎಬ್ಬಿಸಬಲ್ಲರೆಂದಲ್ಲ.

ಹಾಗಾಗಿ ನಿಮ್ಮ ಊರಿನ ಲೆಕ್ಕ ಹಾಕಿ. ಜುಲೈಯಲ್ಲಿ ಕಬಿನಿ ತುಂಬಿ ದೋಣಿ ನಿಂತರೆ, ಕಣ್ಣೆದುರೇ ಇರುವ ಬೈರಕುಪ್ಪೆಗೂ ಬಾವಲಿ ಸುತ್ತಿ ಹೋಗಬೇಕು. ಮೈಸೂರಿನಲ್ಲಿರುವ ಹುಡುಗ ಇಂಟರ್ನೆಟ್ ಇದ್ದರೆ ಅಲ್ಲಿಂದಲೇ ಸರ್ವರ್ ಒಳಹೊಕ್ಕು ಮುಕ್ಕಾಲು ತೊಂದರೆ ಸರಿಮಾಡಬಲ್ಲ. ಕರೆಂಟ್ ಹೋಗಿ ಡಿಸ್ಕ್ ಕೆಟ್ಟರೆ ಅಲ್ಲಿ ಕೂತು ಏನೂ ಮಾಡಲಾರ. ಓದು ಮುಗಿಸಿ ಅವನು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ? ಪುಲ್ಪಳ್ಳಿ, ಬತ್ತೇರಿಗಳಲ್ಲಿ ಹಣ ಪಡೆದು ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಇಬ್ಬರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಒಬ್ಬರು ಸಾಲದು, ಮೆಣಸಿನ ಸುಗ್ಗಿಯಲ್ಲಿ ಆ ಒಬ್ಬರು ಫೋನ್ ಎತ್ತದಿದ್ದರೆ ಕೆಲಸ ಕೆಟ್ಟಿತು. ಇದೇ ಪ್ರಶ್ನೆಯನ್ನು ಡೀಲರ್‌ಗೂ ಕೇಳಿ. ಅಪ್ಪಟ ಲೈಸೆನ್ಸ್ ಇದೆಯೆಂದ ಮಾತ್ರಕ್ಕೆ ಮೈಕ್ರೋಸಾಫ್ಟ್‌ನವರು ಪೆರಿಕಲ್ಲೂರಿಗೆ ಬರುವುದಿಲ್ಲ.

‘ಲಿನಕ್ಸ್‌ಗೆ ವೈರಸ್ ಬರೋದಿಲ್ಲ’ ಎಂದೂ ಅಣ್ಣನ ಮಗ ಹೇಳಿರಬಹುದು. 2017ರ ಮೇ ತಿಂಗಳನ್ನು ನೆನಪಿಸಿ. ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಲೋಕವನ್ನೆಲ್ಲ ಸುತ್ತಿ ನಿಮ್ಮ ಜಿಲ್ಲೆಯ ತರಿಯೋಡ್ ಪಂಚಾಯಿತಿ ಕಚೇರಿಗೂ ಬಂತು. ಕಡತಗಳಿಗೆ ಬೀಗ ಜಡಿದು ಯಂತ್ರಕ್ಕೆ 300 ಡಾಲರ್ ಕೇಳಿತು. ಅದು ನುಗ್ಗಿದ್ದು ವಿಂಡೋಸ್‌ನ ಕಡತ ಹಂಚಿಕೆಯ ಬಾಗಿಲಿನಿಂದ. ಆ ಬಾಗಿಲು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ಮೇ 24ಕ್ಕೆ ಲಿನಕ್ಸ್‌ನಲ್ಲಿ ಕಡತ ಹಂಚುವ ಸಾಂಬಾ ತಂತ್ರಾಂಶದಲ್ಲೂ 2010ರಿಂದ ಅಡಗಿದ್ದ ದೊಡ್ಡ ದೋಷ ಬಯಲಾಯಿತು. ಎರಡೂ ಕಡೆ ತೂತುಗಳಿರುತ್ತವೆ, ಎರಡೂ ಕಡೆ ತೇಪೆ ಬರುತ್ತದೆ. ಅದನ್ನು ತಿಂಗಳಿಗೊಮ್ಮೆಯಾದರೂ ಹಾಕುವವರು ನಿಮ್ಮ ಅಂಗಡಿಯಲ್ಲಿ ಯಾರು ಎಂಬುದೇ ಮುಖ್ಯ.

ಈಗ ನನ್ನ ಸಲಹೆ. ಟ್ಯಾಲಿಯನ್ನೇ ಮುಂದುವರಿಸುವುದಾದರೆ ಅದು ಇರುವ ಯಂತ್ರಕ್ಕೆ ವಿಂಡೋಸ್ ಇರಲಿ. ಸದ್ಯಕ್ಕೆ ಪ್ರೊ ಸಾಕು. ಅಣ್ಣನ ಮಗನ ಉತ್ಸಾಹವನ್ನೂ ವ್ಯರ್ಥ ಮಾಡಬೇಡಿ: ಹಳೆಯ ಕಂಪ್ಯೂಟರೊಂದಕ್ಕೆ ಹೊಸ ಡಿಸ್ಕ್ ಹಾಕಿ, ಡೆಬಿಯನ್ ಕೂರಿಸಿ, ಪ್ರತಿ ರಾತ್ರಿ ಟ್ಯಾಲಿಯ ಕಡತಗಳನ್ನು ಅದೇ ಎಳೆದುಕೊಳ್ಳುವಂತೆ ಮಾಡಲಿ. ವಿಂಡೋಸ್ ಯಂತ್ರಗಳಿಗೆ ಅದರೊಳಗೆ ಬರೆಯುವ ಅನುಮತಿ ಇರಬಾರದು. ಆಗ ವಾನಾಕ್ರೈನಂಥದ್ದು ಬಂದರೂ ಅದರ ಕೈ ಅಲ್ಲಿಗೆ ಸುಲಭಕ್ಕೆ ತಲುಪದು. ಇನ್ನೊಂದು ಪ್ರತಿ ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಮನೆಗೆ ಹೋಗಲಿ. ಎರಡು ಯಂತ್ರಗಳಿಗೂ ಯುಪಿಎಸ್ ಇರಲಿ.

ಮುಂದೆ ಟ್ಯಾಲಿ ಬಿಟ್ಟು, ದಾಸ್ತಾನು, ತೂಕ, ರೈತರ ಖಾತೆ ಎಲ್ಲವೂ ಬ್ರೌಸರಿನಲ್ಲೇ ನಡೆಯುವ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶಕ್ಕೆ ಹೋಗುವುದಾದರೆ ಉತ್ತರ ತಿರುಗುತ್ತದೆ. ಮುಂಬೈನ ಫ್ರಾಪೆ ಕಂಪನಿ ಮಾಡಿದ ಅದು ಹುಟ್ಟಾ ಲಿನಕ್ಸ್‌ನದು. ಅದಕ್ಕೆ ವಿಂಡೋಸ್ ಸರ್ವರ್ ಕೊಳ್ಳುವುದು ದಂಡ. ಆಗ ಲೈಸೆನ್ಸ್‌ಗೆ ಕೊಡಬೇಕಿದ್ದ ಹಣವನ್ನು ನೋಡಿಕೊಳ್ಳುವವರ ವಾರ್ಷಿಕ ಕರಾರಿಗೆ ಎತ್ತಿಡಿ, ಪಾಸ್‌ವರ್ಡ್‌ಗಳನ್ನು ಬರೆಸಿಕೊಂಡು ನಿಮ್ಮ ತಿಜೋರಿಯಲ್ಲಿಡಿ.

ಯಾವುದನ್ನೇ ಆರಿಸಿ, ಪೂರ್ತಿ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಡೀಲರ್ ಆಗಲಿ ಅಣ್ಣನ ಮಗನಾಗಲಿ, ನಿಮ್ಮೆದುರು ಕೂತು ನಿನ್ನೆಯ ಬ್ಯಾಕಪ್ಪನ್ನು ಖಾಲಿ ಕಂಪ್ಯೂಟರೊಂದಕ್ಕೆ ಇಳಿಸಿ ಬಿಲ್ ತೆಗೆದು ತೋರಿಸಲಿ. ತೋರಿಸಿದವರಿಗೆ ಕೆಲಸ ಒಪ್ಪಿಸಿ.