ಕಣಿವೆಗೆ ಇಳಿದ ಚಿತ್ರ

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಲ್ಯಾನ್ಸ್‌ಫರ್ಡ್ ಎಂಬುದೊಂದು ಚಿಕ್ಕ ಊರು. ಬೆಟ್ಟಗಳ ನಡುವಣ ಕಣಿವೆಯಲ್ಲಿ ನೆಲೆಸಿದ ಈ ಊರಿನ ಜನರಿಗೆ ಕಲ್ಲಿದ್ದಲ ಗಣಿಯೇ ಬಹುಕಾಲ ಜೀವನಾಧಾರವಾಗಿದ್ದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳಲ್ಲಿ ದೂರದರ್ಶನವು ಬೇಗಬೇಗನೆ ಹರಡತೊಡಗಿತು. ಲ್ಯಾನ್ಸ್‌ಫರ್ಡಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಫಿಲಡೆಲ್ಫಿಯ ನಗರದಿಂದ ಕಾರ್ಯಕ್ರಮಗಳು ಪ್ರಸಾರವಾಗುತ್ತಿದ್ದವು. ಆದರೆ ದೂರದರ್ಶನದ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವಂಥವು. ಅಡ್ಡ ನಿಂತ ಬೆಟ್ಟವನ್ನು ಬಳಸಿ ಕಣಿವೆಗೆ ಇಳಿಯಲಾರವು. ಬೆಟ್ಟದ ಮೇಲಿನ ಸಮ್ಮಿಟ್ ಹಿಲ್ ಊರಿನವರು ಚಿತ್ರವನ್ನು ಕಂಡು ಸಂತೋಷಪಡುತ್ತಿದ್ದರೆ, ಕೆಳಗಿನವರ ಪೆಟ್ಟಿಗೆಯಲ್ಲಿ ಬರಿಯ ಬಿಳಿಯ ಚುಕ್ಕೆಗಳ ಮಳೆ!

ಆ ಊರಿನಲ್ಲಿ ರಾಬರ್ಟ್ ಟಾರ್ಲ್ಟನ್ ಎಂಬ ರೇಡಿಯೋ ವ್ಯಾಪಾರಿಯಿದ್ದರು. ಕೊಂಡವನ ಮನೆಯಲ್ಲಿ ಚಿತ್ರವೇ ಮೂಡದಿದ್ದರೆ ದೂರದರ್ಶನದ ಪೆಟ್ಟಿಗೆಯನ್ನು ಮಾರುವುದಾದರೂ ಹೇಗೆ? ಬೆಟ್ಟದ ಮೇಲೆ ಆಂಟೆನಾ ನಿಲ್ಲಿಸಿ, ಅಲ್ಲಿಂದ ಊರಿಗೆ ಕೇಬಲ್ ಎಳೆಯುವುದೊಂದೇ ದಾರಿ. ಹೇಳುವುದಕ್ಕೆ ಇದು ಸುಲಭ. ಮಾಡುವಾಗ ದೊಡ್ಡ ತೊಡಕೊಂದು ಎದುರಾಗುತ್ತದೆ.

ದೂರದರ್ಶನಕ್ಕೆ ಬಳಸುವ ಏಕಾಕ್ಷ ಕೇಬಲಿನ ನಡುವೆ ಒಂದು ಲೋಹದ ತಂತಿಯಿರುತ್ತದೆ. ಅದರ ಸುತ್ತ ಅವಾಹಕದ ಪದರ, ಅದರ ಮೇಲೆ ಲೋಹದ ಬಲೆ. ಈ ಬಲೆಯು ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುತ್ತದೆ. ಆದರೂ ಕಾಲುವೆಯ ನೀರು ಹರಿಯುತ್ತ ಹರಿಯುತ್ತ ಇಂಗುವಂತೆ, ಸಂಕೇತದ ಶಕ್ತಿಯು ಕೇಬಲಿನ ಉದ್ದಕ್ಕೂ ಕುಗ್ಗುತ್ತ ಹೋಗುತ್ತದೆ. 30 ಮೀಟರಿಗೆ ಶಕ್ತಿಯು ಅರ್ಧವಾಗುವ ಕೇಬಲನ್ನು ಊಹಿಸಿಕೊಳ್ಳಿ. 60 ಮೀಟರಿನಲ್ಲಿ ಉಳಿಯುವುದು ಕಾಲು ಭಾಗ. 120 ಮೀಟರಿನಲ್ಲಿ ಹದಿನಾರರಲ್ಲಿ ಒಂದು ಭಾಗ. 300 ಮೀಟರಿನಲ್ಲಿ 1024ರಲ್ಲಿ ಒಂದೇ ಒಂದು ಭಾಗ! ಸಂಕೇತದ ಆವರ್ತಾಂಕ ಹೆಚ್ಚಿದಷ್ಟೂ ಈ ನಷ್ಟವೂ ಹೆಚ್ಚು.

ಕುಗ್ಗಿದ ಸಂಕೇತವನ್ನು ಹಿಗ್ಗಿಸುವ ಸಾಧನಕ್ಕೆ ವರ್ಧಕವೆಂದು ಹೆಸರು. ಜನರ ಮಾತಿನಲ್ಲಿ ಅದೇ ಬೂಸ್ಟರ್. ಅದನ್ನು ಎಲ್ಲಿಡಬೇಕು? ಚಿತ್ರ ಕಾಣದಿರುವುದು ಪೆಟ್ಟಿಗೆಯಲ್ಲಿ. ಆದುದರಿಂದ ಪೆಟ್ಟಿಗೆಯ ಬಳಿಯೇ ಇಡಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಅದು ಸರಿಯಲ್ಲ. ವಾಹಕಗಳಲ್ಲಿರುವ ಎಲೆಕ್ಟ್ರಾನುಗಳು ಉಷ್ಣದಿಂದ ಸದಾ ಚಲಿಸುತ್ತಿರುವುದರಿಂದ ಪ್ರತಿಯೊಂದು ವಿದ್ಯುನ್ಮಂಡಲದಲ್ಲಿಯೂ ಒಂದಿಷ್ಟು ಗದ್ದಲ ಇದ್ದೇ ಇರುತ್ತದೆ. ಸಂಕೇತವು ಆ ಗದ್ದಲದ ಮಟ್ಟಕ್ಕೆ ಇಳಿದ ಮೇಲೆ ಹಿಗ್ಗಿಸಿದರೆ ಎರಡೂ ಒಟ್ಟಿಗೇ ಹಿಗ್ಗುತ್ತವೆ. ಜಾತ್ರೆಯಲ್ಲಿ ದೂರದಿಂದ ಯಾರೋ ಕೂಗಿದ ಮಾತು ಗದ್ದಲದಲ್ಲಿ ಕರಗಿಹೋದ ಬಳಿಕ, ನಮ್ಮ ಬಳಿ ಧ್ವನಿವರ್ಧಕವನ್ನು ಹಿಡಿದರೆ ಜಾತ್ರೆಯ ಗದ್ದಲವೇ ಜೋರಾಗಿ ಕೇಳಿಸುತ್ತದೆಯಲ್ಲವೇ? ಕೂಗುವವನ ಕೈಗೇ ಅದನ್ನು ಕೊಡಬೇಕಿತ್ತು. ಹಾಗೆಯೇ ವರ್ಧಕವು ಕೇಬಲಿನ ಕೊನೆಯಲ್ಲಲ್ಲ, ಮೊದಲಲ್ಲಿ, ಆಂಟೆನಾದ ಸಮೀಪದಲ್ಲಿ ಇರಬೇಕು.

ಹಾಗೆಂದು ಒಂದೇ ವರ್ಧಕದಿಂದ ಬೇಕಾದಷ್ಟು ಹಿಗ್ಗಿಸಲೂ ಆಗದು. ಮಿತಿಮೀರಿದರೆ ಸಂಕೇತದ ರೂಪವೇ ಕೆಡುತ್ತದೆ. ಆದುದರಿಂದ ದೂರದ ದಾರಿಯಲ್ಲಿ ತಕ್ಕ ಅಂತರಕ್ಕೊಂದು ವರ್ಧಕವನ್ನಿಟ್ಟು, ಆಯಾ ಭಾಗದಲ್ಲಿ ಆದ ನಷ್ಟವನ್ನಷ್ಟೇ ತುಂಬುವುದುಂಟು. ಪ್ರತಿಯೊಂದು ವರ್ಧಕವೂ ತನ್ನ ಪಾಲಿನ ಗದ್ದಲವನ್ನು ಸೇರಿಸುವುದರಿಂದ ಅವುಗಳ ಸಂಖ್ಯೆ ಅಗತ್ಯಕ್ಕೆ ಮೀರಬಾರದು.

ಟಾರ್ಲ್ಟನ್ ಅವರು 1950ರಲ್ಲಿ ಗೆಳೆಯರೊಡನೆ ಪ್ಯಾಂಥರ್ ವ್ಯಾಲಿ ಟೆಲಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮಿಲ್ಟನ್ ಶಾಪ್ ಅವರ ಜೆರಾಲ್ಡ್ ಸಂಸ್ಥೆಯ ವರ್ಧಕಗಳನ್ನು ಬಳಸಿ, ಬೆಟ್ಟದಿಂದ ಮನೆಮನೆಗೆ ಫಿಲಡೆಲ್ಫಿಯದ ಮೂರು ಕೇಂದ್ರಗಳ ಚಿತ್ರವನ್ನು ತಲುಪಿಸಿದರು. ಕಣಿವೆಯ ಜನರು ಬೆಟ್ಟವನ್ನು ಏರಬೇಕಾಗಲಿಲ್ಲ; ಚಿತ್ರವೇ ಅವರಲ್ಲಿಗೆ ಇಳಿದು ಬಂದಿತು. ಶಾಪ್ ಅವರು ಮುಂದೆ 1971ರಿಂದ 1979ರವರೆಗೆ ಅದೇ ರಾಜ್ಯದ ಗವರ್ನರ್ ಆಗಿದ್ದರು.

ಮನೆಯ ಕೇಬಲಿನಲ್ಲಿ ಸಂಕೇತ ಕುಗ್ಗಿದಾಗಲೂ ಇದೇ ವಿವೇಕ ಬೇಕು. ವರ್ಧಕವನ್ನು ಕೊಳ್ಳುವ ಮೊದಲು ಕಾರಣವನ್ನು ಹುಡುಕಬೇಕು. ಬೆಸುಗೆ ಸಡಿಲವಾಗಿದೆಯೇ? ಕೇಬಲಿನೊಳಗೆ ಮಳೆಯ ನೀರು ಇಳಿದಿದೆಯೇ? ಒಂದು ಸಂಕೇತವನ್ನು ಹಲವು ಪೆಟ್ಟಿಗೆಗಳಿಗೆ ಹಂಚಲಾಗಿದೆಯೇ? ಎರಡು ಕವಲಾದರೆ ಒಂದೊಂದಕ್ಕೂ ದೊರೆಯುವುದು ಹೆಚ್ಚೆಂದರೆ ಅರ್ಧ ಶಕ್ತಿ. ಕಾರಣ ತಿಳಿದ ಮೇಲೆ ಪರಿಹಾರವು ಕಷ್ಟವಲ್ಲ. ಪೂರ್ತಿ ಕುಗ್ಗಿದ ಮೇಲೆ ಎತ್ತಲು ಹೆಣಗುವುದಕ್ಕಿಂತ, ಕುಗ್ಗುವ ಮೊದಲೇ ಬಲ ನೀಡುವುದು ಲೇಸು. ಈ ಮಾತು ಸಂಕೇತಕ್ಕೆ ಮಾತ್ರ ಸಲ್ಲುವುದೇ? ನೀವೇ ಯೋಚಿಸಿ ನೋಡಿ.