ತರಗತಿಯ ವೀಡಿಯೊ ಪಾಠಕ್ಕೆ ಸದ್ದಿಲ್ಲದ ಕಿರುಗಣಕ

ವೀಡಿಯೊ ತೋರಿಸುವುದಕ್ಕಿಂತ ಕನ್ನಡವನ್ನು ಕೇಳಿಸುವುದೇ ಪಾಠದ ಮುಖ್ಯ ಉದ್ದೇಶವಾದಾಗ, ಗಣಕದ ಫ್ಯಾನಿನ ಸದ್ದು ಅಲ್ಪ ತೊಡಕೇನೂ ಅಲ್ಲ. ಅದರ ಮೊರೆತದಲ್ಲಿ ಉಸಿರಿನ ಧ್ವನಿಗಳು ಬೇಗ ಮರೆಯಾಗುತ್ತವೆ. ಬೀದಿಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ತೆಲುಗನ್ನೋ ಕೇಳುತ್ತ ಬೆಳೆಯುವ ಮಗುವಿಗೆ ‘ಹಾಡು’, ‘ಆಡು’ ಎಂಬೆರಡು ಪದಗಳು ಒಂದೇ ಆಗಿ ಕೇಳಿಸಿದರೆ ಪಾಠದ ಶ್ರಮವೇ ವ್ಯರ್ಥ.

ಫ್ಯಾನ್ ಬೇಕಾಗುವುದು ಶಾಖದಿಂದ. ಇಂಟೆಲ್ ಎನ್100 ಪ್ರೊಸೆಸರಿನ ನಿಗದಿತ ವಿದ್ಯುತ್ ಮಟ್ಟ 6 ವ್ಯಾಟ್ ಮಾತ್ರ. ಲೋಹದ ಕವಚವೇ ಅದನ್ನು ತಂಪಾಗಿಡಬಲ್ಲದು. ಆದರೂ ಈ ಪ್ರೊಸೆಸರಿರುವ ಎಷ್ಟೋ ಪೆಟ್ಟಿಗೆಗಳಲ್ಲಿ ಫ್ಯಾನ್ ಇರುತ್ತದೆ, ವಿಚಾರಿಸಿಯೇ ಕೊಳ್ಳಬೇಕು. ತಿರುಗುವ ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಇರಲಿ. ಕಳ್ಳರ ಭಯದಿಂದ ಪೆಟ್ಟಿಗೆಯನ್ನು ಬೀರುವಿನೊಳಗೇ ಇಟ್ಟು ನಡೆಸುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಬಿಸಿಯೇರಿ, ವೇಗ ತಗ್ಗಿ, ಚಿತ್ರ ತಡವರಿಸುತ್ತದೆ.

ವೀಡಿಯೊವನ್ನು ಬಿಡಿಸುವ ಡಿಕೋಡರ್ ಚಿಪ್ಪಿನಲ್ಲೇ ಇದ್ದರೆ ಪ್ರೊಸೆಸರಿನ ಹೊರೆ ಇಳಿಯುತ್ತದೆ. ಹೊಸದೆಲ್ಲ ಮೇಲೆಂಬ ಎಣಿಕೆ ಇಲ್ಲಿ ಸಲ್ಲದು. ರಾಸ್ಪ್‌ಬೆರಿ ಪೈ 4ರಲ್ಲಿದ್ದ ಎಚ್.264 ಡಿಕೋಡರ್ ಪೈ 5ರಲ್ಲಿಲ್ಲ. ಹಳೆಯ ಸ್ಪೀಕರನ್ನು ನೇರವಾಗಿ ಸೇರಿಸುವ 3.5 ಮಿಲಿಮೀಟರ್ ಜ್ಯಾಕೂ ಇಲ್ಲ. ಸಾಮಾನ್ಯ ಪಾಠದ ವೀಡಿಯೊಗಳಿಗೆ ಪೈ 4 ಧಾರಾಳವಾಗಿ ಸಾಕು. ಪ್ರೊಜೆಕ್ಟರಿನಲ್ಲಿ ವಿಜಿಎ ಕಿಂಡಿ ಮಾತ್ರವಿದ್ದರೆ ಎಚ್‌ಡಿಎಂಐ ಪರಿವರ್ತಕವೂ ಬೇಕಾಗುತ್ತದೆ.

ಹಣ ಕೊಡುವ ಮುನ್ನ ಶಿಕ್ಷಕರು ತಮ್ಮದೇ ಪಾಠವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅರ್ಧ ಗಂಟೆ ನಡೆಸಿ ನೋಡಬೇಕು. ಅಡಿಬರಹದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿವೆಯೇ ಎಂಬುದನ್ನೂ ಆಗಲೇ ಗಮನಿಸಬೇಕು; ನಂತರ ಕೊನೆಯ ಬೆಂಚಿನಷ್ಟು ದೂರ ನಿಂತು, ಕಣ್ಣು ಮುಚ್ಚಿ ಕೇಳಬೇಕು.